ಎಲ್ಲರಿಗಿಂತ ಮೊದಲಿನ ‘ಆಹಾ’

ಟೈರು ಪಂಕ್ಚರ್ ಆಗಬಹುದಿತ್ತು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲದಿರಬಹುದಿತ್ತು. ವರ್ಷದಿಂದ ಅದನ್ನು ಮುಟ್ಟಿ ನೋಡಿದವರಿಲ್ಲ. ಹೊಸನಗರ ದಾಟಿದ ಮೇಲೆ ರಸ್ತೆಗೆ ಅಡ್ಡ ಮರ ಬಿದ್ದಿರಬಹುದಿತ್ತು. ಮರ ಬೀಳದಿದ್ದರೆ ಕಾಡುಕೋಣ ನಿಂತಿರಬಹುದಿತ್ತು. ನಾವು ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಸಂಗೀತ ಕಛೇರಿ ಮುಗಿದಿರಬಹುದಿತ್ತು, ಅಥವಾ, ಇದು ನನಗೆ ಹಲ್ಲುಜ್ಜುವಾಗ ಹೊಳೆದದ್ದು, ಅದು ಹಿಂದಿನ ಭಾನುವಾರವೇ ಆಗಿಹೋಗಿರಬಹುದಿತ್ತು! ಗಾಯಕಿಗೆ ನೆಗಡಿಯಾಗಿರಬಹುದಿತ್ತು. ಕರೆಂಟು ಹೋಗಬಹುದಿತ್ತು. ಕರೆಂಟು ಹೋಗದೆ ಫ್ಯಾನುಗಳು ತಿರುಗುತ್ತಲೇ ಇದ್ದರೆ ಅದು ಇನ್ನೂ ದೊಡ್ಡ ಅಪಾಯ. ಭಾವ ಎದ್ದುಹೋಗಿ ಅಷ್ಟನ್ನೂ ಆರಿಸಬಹುದಿತ್ತು. ತಬಲಾದವರಿಗೆ ನಡುವೆಯೇ ಬುದ್ಧಿ ಹೇಳಬಹುದಿತ್ತು. ಸಿಟ್ಟು ಬಂದು ಅರ್ಧಕ್ಕೇ ಎದ್ದು, ಬಸ್ಸು ಹತ್ತಿ, ನನ್ನನ್ನು ಅಲ್ಲೇ ಬಿಟ್ಟು ಸಾಗರಕ್ಕೆ ಹೊರಟುಬಿಡಬಹುದಿತ್ತು. ಹೀಗೆ ಒಟ್ಟು ಹದಿನೇಳು. ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ನಂಬರು ಹಾಕಿ ಬರೆದುಕೊಂಡಿದ್ದೆ. ನಗಬೇಡಿ. ಚಿಂತೆಯನ್ನು ಬರೆದಿಟ್ಟುಕೊಂಡರೆ ಕಡಿಮೆಯಾಗುತ್ತದೆ ಎಂದು ಯಾರೋ ಹೇಳಿದ್ದರು. ಕಡಿಮೆಯಾಗುವುದಿಲ್ಲ, ಕ್ರಮವಾಗುತ್ತದೆ ಅಷ್ಟೇ.

ಭಾವ ಎಂದೆನಲ್ಲ, ಅವರು ನನ್ನ ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಗೋಡೆಯಾಚೆ ನಿಂತು ಕೇಳಿದವರಿಗೆ ಯಾರೋ ಒಬ್ಬನೇ ತನ್ನ ಜೊತೆ ತಾನೇ ಜಗಳ ಆಡುತ್ತಿದ್ದಾನೆ ಅನ್ನಿಸಬೇಕು. ಇಡೀ ಸಾಗರದಲ್ಲಿ, ಬೇಕಾದರೆ ಹೊಸನಗರ ತೀರ್ಥಹಳ್ಳಿಗಳನ್ನೂ ಸೇರಿಸಿಕೊಳ್ಳಿ, ನನ್ನ ಭಾವನಷ್ಟು ಸೂಕ್ಷ್ಮ ಕಿವಿಯ ಮನುಷ್ಯ ಇನ್ನೊಬ್ಬರಿರಲಿಲ್ಲ. ಆ ಕಿವಿಯಿಂದ ಅವರಷ್ಟು ಜನರಿಗೆ ತೊಂದರೆ ಕೊಟ್ಟವರೂ ಇನ್ನೊಬ್ಬರಿಲ್ಲ!

ಸಾಗರದ ಪೇಟೆಯಲ್ಲಿ ಅವರದ್ದೊಂದು ರೇಡಿಯೋ ರಿಪೇರಿ ಅಂಗಡಿ ಇತ್ತು. ಯಾರಾದರೂ ರೇಡಿಯೋ ತಂದರೆ ಬಿಚ್ಚುವ ಮೊದಲು ಅದಕ್ಕೆ ಕಿವಿ ಹಚ್ಚಿ ಐದು ನಿಮಿಷ ಕಣ್ಣು ಮುಚ್ಚಿ ಕೂರುತ್ತಿದ್ದರು. ಆಮೇಲೆ, ‘ಒಳಗೊಂದು ಕಂಡೆನ್ಸರ್ ಅಳ್ತಾ ಇದೆ’ ಎಂದು ದುಃಖದಿಂದ ಹೇಳುತ್ತಿದ್ದರು. ರೇಡಿಯೋ ಹೋಗಿ ಟೀವಿ ಬಂತು, ಟೀವಿಯ ಹಿಂದೆಯೇ ಮೊಬೈಲು ಬಂತು. ಯಾರೋ ತಂದುಕೊಟ್ಟ ಮೊಬೈಲಿಗೂ ಕಿವಿ ಹಚ್ಚಿ ಐದು ನಿಮಿಷ ಕೂತರು. ‘ಇದ್ರೊಳಗೆ ಯಾರೂ ಇಲ್ಲ ಮಾರಾಯ’ ಅಂದರು. ಅದೇ ತಿಂಗಳು ಅಂಗಡಿ ಮುಚ್ಚಿದರು.

ನಾನು ಹೆಣ್ಣು ನೋಡಲು ಅವರ ಮನೆಗೆ ಹೋದ ದಿನ ನೆನಪಿದೆ. ಹಿರಿಯರೆಲ್ಲ ನನ್ನ ಸಂಬಳ, ಗೋತ್ರ, ಜಾತಕ ವಿಚಾರಿಸುತ್ತಿದ್ದಾಗ ಮೂಲೆಯಲ್ಲಿ ಕೂತಿದ್ದ ಈ ಮನುಷ್ಯ, ‘ಎಲ್ಲಿ, ಒಂದ್ಸಲ ಕೆಮ್ಮಿ ನೋಡಾಣ’ ಅಂದರು. ಹೆಣ್ಣಿನ ಅಣ್ಣ ಕೆಮ್ಮು ಅಂದ ಮೇಲೆ ಕೆಮ್ಮದಿರಲಾದೀತೆ? ಕೆಮ್ಮಿದೆ. ಗಾಬರಿಯಲ್ಲಿ ಎರಡು ಸಲ ಕೆಮ್ಮಿದೆ. ನನಗೆ ಕ್ಷಯವಿರಬಹುದೆಂಬ ಅನುಮಾನ ಇವರಿಗೆ ಬಂದಿದೆಯೆಂದು ನಾನು, ನನಗೆ ನಿಜವಾಗಿಯೂ ಕ್ಷಯವಿದೆಯೆಂದು ನನ್ನ ಅಮ್ಮ, ಇಬ್ಬರೂ ಬೆವರಿದೆವು. ಇವರು ಒಳಗೆ ಹೋಗಿ ಅಪ್ಪನಿಗೆ ವರದಿ ಒಪ್ಪಿಸಿದರಂತೆ: ‘ಹುಡುಗ ಹಾರ್ಮೋನಿಯಂನ ಎರಡನೇ ಕಪ್ಪು ಮನೆಗೆ ಕೆಮ್ತಾನೆ. ನಮ್ಮ ತಂಗಿ ಸಿಟ್ಟು ಬಂದಾಗ ಕೂಗೋದು ಸರಿಯಾಗಿ ಅದ್ರ ಪಂಚಮಕ್ಕೆ. ಜೀವಮಾನ ಪೂರ್ತಿ ಜಗಳ ಆಡಿದ್ರೂ ಶ್ರುತಿ ಕೆಡಲ್ಲ. ಕೊಡಬಹುದು.’

ಇಪ್ಪತ್ತಾರು ವರ್ಷವಾಯಿತು. ಅವರ ಮಾತು ಸುಳ್ಳಾಗಿಲ್ಲ.

ಫ್ಯಾನಿನ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಏಪ್ರಿಲ್ ತಿಂಗಳಲ್ಲಿ ಸಾಗರದ ಸಭಾಂಗಣವೊಂದರಲ್ಲಿ ಸಂಗೀತ. ಗಾಯಕರು ಆಲಾಪಕ್ಕೆ ಬಾಯಿ ತೆರೆಯುತ್ತಿದ್ದಂತೆ ಭಾವ ಎದ್ದರು. ಸೀದಾ ಸ್ವಿಚ್ ಬೋರ್ಡಿಗೆ ಹೋಗಿ ಒಂದೊಂದೇ ಫ್ಯಾನು ಆರಿಸತೊಡಗಿದರು. ಸಂಘಟಕರು ಓಡಿ ಬಂದರು.

‘ಎಂತ ಮಾಡ್ತಿದೀರಿ ಮಾರಾಯ್ರೆ?’

‘ನಿಮ್ಮ ಫ್ಯಾನುಗಳು ತಂಬೂರಿಗಿಂತ ಕಾಲು ಸ್ವರ ಕೆಳಗಿವೆ.’

‘ಮುಖ್ಯ ಅತಿಥಿಗಳು ಬೆವರ್ತಾ ಇದಾರಲ್ರೀ!’

‘ಬೆವರ್ಲಿ ಬಿಡಿ. ಬೆವರಿಗೆ ಶಬ್ದ ಇಲ್ಲ.’

ಅಂದಿನಿಂದ ನಮ್ಮೂರಿನ ಯಾವ ಕಛೇರಿಯಲ್ಲೂ ಭಾವನಿಗೊಂದು ಕುರ್ಚಿ ಕಾದಿರಿಸಿರುತ್ತಾರೆ. ಅದು ಗೌರವದ ಕುರ್ಚಿ ಎಂದು ಅವರು ತಿಳಿದಿದ್ದಾರೆ. ಸ್ವಿಚ್ ಬೋರ್ಡಿಗೆ ಅತ್ಯಂತ ದೂರವಿರುವ ಕುರ್ಚಿ ಅದು.

ಇಷ್ಟೆಲ್ಲ ಕಾಟ ಕೊಟ್ಟರೂ ಜನ ಅವರನ್ನು ಕರೆಯುತ್ತಿದ್ದರೆಂದರೆ ಅದಕ್ಕೆ ಕಾರಣ ಅವರ ‘ಆಹಾ’. ಸಂಗೀತ ಕೇಳುವವರು ಒಳ್ಳೆಯ ಜಾಗ ಬಂದಾಗ ತಲೆಯಾಡಿಸುತ್ತಾರೆ, ಆಹಾ ಅನ್ನುತ್ತಾರೆ. ಅದು ಎಲ್ಲ ಕಡೆಯೂ ಇರುವುದೇ. ಭಾವನ ವಿಶೇಷವೆಂದರೆ ಅವರು ಎಲ್ಲರಿಗಿಂತ ಅರ್ಧ ಕ್ಷಣ ಮೊದಲು ಆಹಾ ಅನ್ನುತ್ತಿದ್ದರು. ಸ್ವರ ಇನ್ನೂ ದಾರಿಯಲ್ಲಿದೆ ಅನ್ನುವಾಗಲೇ ಇವರು ಬಾಗಿಲು ತೆರೆದು ನಿಂತಿರುತ್ತಿದ್ದರು. ಇವರ ತಲೆ ಆಡಿದ ಮೇಲೆ ಉಳಿದ ತಲೆಗಳು ಆಡುತ್ತಿದ್ದವು. ಹಾಗೆ ಪಕ್ಕದವರನ್ನು ನೋಡಿ ತಲೆಯಾಡಿಸುವವರನ್ನು ಭಾವ ‘ಜೆರಾಕ್ಸ್ ತಲೆಗಳು’ ಅನ್ನುತ್ತಿದ್ದರು. ಒಮ್ಮೆಯಂತೂ ಬೇಕೆಂದೇ, ಗಾಯಕರು ಕರವಸ್ತ್ರ ಹುಡುಕುತ್ತಿದ್ದಾಗ ಕಣ್ಣುಮುಚ್ಚಿ ‘ಆಹಾ!’ ಅಂದರು. ಹಿಂದಿನ ಎರಡು ಸಾಲು ಪೂರ್ತಿ ಆಹಾ ಅಂದಿತು. ಕರವಸ್ತ್ರಕ್ಕೆ ಅಷ್ಟು ಮರ್ಯಾದೆ ಅದರ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ. ಆ ಸಾಲಿನಲ್ಲಿ ನಾನೂ ಇದ್ದೆನೇ ಎಂದು ಕೇಳಬೇಡಿ. ನಾನು ಕಛೇರಿಯಲ್ಲಿ ಬಾಯಿಯೇ ಬಿಡುವವನಲ್ಲ. ತಪ್ಪಾದರೆ ಏನು ಗತಿ ಎಂಬ ಚಿಂತೆ.

ಈಗ ಎರಡು ವರ್ಷಗಳ ಹಿಂದೆ ಭಾವನ ತಕರಾರುಗಳ ಧಾಟಿ ಬದಲಾಯಿತು. ಮೊದಲು ಲೋಕದಲ್ಲಿ ಶಬ್ದ ಜಾಸ್ತಿ ಅನ್ನುತ್ತಿದ್ದವರು ಈಗ ಕಡಿಮೆಯಾಗಿದೆ ಅನ್ನತೊಡಗಿದರು. ಕುಕ್ಕರು ವಿಷಲ್ ಹಾಕುತ್ತಿಲ್ಲ, ಕಂಪನಿಯವರು ಮೋಸಗಾರರು. ಹಕ್ಕಿಗಳು ಸೋಮಾರಿಗಳಾಗಿವೆ. ಕೊನೆಗೊಂದು ದಿನ ಪತ್ರಿಕೆಯ ವಾಚಕರ ವಿಭಾಗಕ್ಕೇ ಕಾಗದ ಬರೆದರು: ಮಲೆನಾಡಿನಲ್ಲಿ ಜೀರುಂಡೆಗಳು ಮಾಯವಾಗಿವೆ, ಸಂಬಂಧಪಟ್ಟವರು ಕೂಡಲೇ ಗಮನಿಸಬೇಕು! ಕಳಿಸುವ ಮೊದಲು ನನಗೆ ಓದಿ ಹೇಳಿದರು. ಕಿಟಕಿಯಾಚೆ ಜೀರುಂಡೆಗಳು ಅದೆಷ್ಟು ಕಿರುಚುತ್ತಿದ್ದವೆಂದರೆ ಅರ್ಧ ಕಾಗದ ನನಗೆ ಕೇಳಿಸಲಿಲ್ಲ.

ಕಾಗದ ಅಚ್ಚಾಯಿತು. ಅದನ್ನು ಬಲವಾಗಿ ಸಮರ್ಥಿಸಿ ಮುಂದಿನ ವಾರ ಇನ್ನಿಬ್ಬರು ಬರೆದರು. ಒಬ್ಬರು ನಿವೃತ್ತ ಮೇಷ್ಟ್ರು, ಇನ್ನೊಬ್ಬರು ನಿವೃತ್ತ ತಹಸೀಲ್ದಾರರು. ಮೂವರಿಗೂ ಎಪ್ಪತ್ತರ ಮೇಲೆ!

ನಾವು ನಕ್ಕೆವು. ಹೊಸನಗರದ ಕೊಳಲು ಕಛೇರಿಯವರೆಗೂ ನಗುತ್ತಲೇ ಇದ್ದೆವು. ಅಲ್ಲಿ ಭಾವ ಇಪ್ಪತ್ತು ನಿಮಿಷ ಕೂತು ಎದ್ದು ನಿಂತರು. ‘ಈ ಮನುಷ್ಯ ಊದ್ತಾ ಇಲ್ಲ, ಬರೇ ಬೆರಳು ಆಡಿಸ್ತಾ ಇದಾನೆ’ ಎಂದು ಘೋಷಿಸಿ ಹೊರನಡೆದರು. ಪಾಪ, ಕೊಳಲಿನವರು ಅದ್ಭುತವಾಗಿ ನುಡಿಸುತ್ತಿದ್ದರು. ಅವರ ಮುಖ ನೋಡಲಾಗದೆ ನಾನೂ ಹಿಂದೆಯೇ ಹೊರಗೆ ಬಂದೆ. ಭಾವ ಮೆಟ್ಟಿಲ ಮೇಲೆ ಚಪ್ಪಲಿ ಹುಡುಕುತ್ತಿದ್ದರು. ನಡುವೆ ಒಮ್ಮೆ ಬಾಗಿಲ ಕಡೆ ತಿರುಗಿ ಕಿವಿಯ ಹಿಂದೆ ಅಂಗೈ ಹಿಡಿದರು. ಆಗ ನನಗೆ ಗೊತ್ತಾಯಿತು, ಅವರಿಗೂ ಗೊತ್ತಾಗಿದೆ ಎಂದು.

ಅದಾದ ತಿಂಗಳಿಗೆ ಪೇಟೆಯಲ್ಲಿ ಒಂದು ಸ್ಕೂಟರು ಅವರ ಪಂಚೆಯ ಅಂಚು ಸವರಿಕೊಂಡು ಹೋಯಿತು. ‘ಹಾರ್ನ್ ಮಾಡದೇ ಬಂದ’ ಅಂದರು. ನೋಡಿದವರೆಲ್ಲ, ಅವನು ಮಾರುಕಟ್ಟೆಯಿಂದಲೇ ಹಾರ್ನ್ ಒತ್ತಿಕೊಂಡು ಬಂದ ಅಂದರು. ನನ್ನ ಹೆಂಡತಿ ಅಣ್ಣನ ಕೈ ಹಿಡಿದು ಕಿವಿ ಡಾಕ್ಟರ ಹತ್ತಿರ ಎಳೆದೊಯ್ದಳು. ಡಾಕ್ಟರು ಒಂದು ಕಾಗದದ ಮೇಲೆ ಗೆರೆ ತೋರಿಸಿದರು. ಎಡಗಡೆ ಸಮತಟ್ಟಾಗಿ ಹೊರಟ ಗೆರೆ ಬಲಕ್ಕೆ ಹೋದಂತೆ ಆಗುಂಬೆ ಘಾಟಿ ಇಳಿದ ಹಾಗೆ ಇಳಿದಿತ್ತು. ‘ಕೆಳಗಿನ ದನಿ ಚೆನ್ನಾಗಿ ಕೇಳ್ತದೆ. ಮೇಲೆ ಹೋದ ಹಾಗೆ ಕಡಿಮೆ. ಶಿವಮೊಗ್ಗಕ್ಕೆ ಹೋಗಿ ಮಿಷನ್ ಹಾಕಿಸ್ಕೊಳ್ಳಿ’ ಅಂದರು.

ಭಾವ ಕೆರಳಿದರು. ‘ಜೀವಮಾನವೆಲ್ಲ ಆಂಪ್ಲಿಫೈಯರ್ ಬಿಚ್ಚಿದವ ನಾನು. ಅದು ದನಿಗೆ ಎಂತ ಮಾಡ್ತದೆ ಅಂತ ನನಗೆ ಗೊತ್ತು. ಅದನ್ನ ತಂದು ನನ್ನ ಕಿವಿಯೊಳಗೇ ಇಡ್ತೀರಾ? ನನಗೆ ಎಂತ ಆಗಿಲ್ಲ. ಈಗಿನ ಗಾಯಕರಿಗೆ ದನಿ ಇಲ್ಲ.’

ಮೂರು ತಿಂಗಳು ಅಣ್ಣ ತಂಗಿಗೆ ಇದೇ ಜಗಳ. ಶ್ರುತಿ ಕೆಡಲಿಲ್ಲ ನಿಜ, ಆದರೆ ಒಪ್ಪಂದವೂ ಆಗಲಿಲ್ಲ. ಅಷ್ಟರಲ್ಲಿ ತೀರ್ಥಹಳ್ಳಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಗಾಯನ ಎಂಬ ಆಮಂತ್ರಣ ಬಂತು. ಹಾಡುವವರು ಧಾರವಾಡದ ಕಡೆಯ ಒಬ್ಬ ಹೆಂಗಸು. ಭಾವ ಆಮಂತ್ರಣ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

‘ಈ ಕಛೇರಿ ಪೂರ್ತಿ ಕೂತು ಕೇಳ್ತೀನಿ. ನನ್ನ ಕಿವಿ ಸರಿ ಇದೆ ಅಂತ ತೋರಿಸ್ತೀನಿ. ಆಮೇಲೆ ಮಿಷನ್ ಸುದ್ದಿ ಎತ್ತಬಾರದು.’

‘ಕೇಳಿಸ್ದೇ ಇದ್ರೆ?’ ಅಂದಳು ತಂಗಿ.

‘ಇದ್ರೆ ಸೋಮವಾರ ಶಿವಮೊಗ್ಗ. ಆದ್ರೆ ಕೇಳಿಸ್ತೋ ಇಲ್ವೋ ಅಂತ ಹೇಳೋರು ಯಾರು?’

‘ಇವ್ರು’ ಎಂದು ನನ್ನನ್ನು ತೋರಿಸಿದಳು.

ಭಾವ ಬಿದ್ದು ಬಿದ್ದು ನಕ್ಕರು. ‘ಇವ್ರಾ? ಷಡ್ಜ ಯಾವುದು, ಕುಕ್ಕರ್ ಯಾವುದು ಅಂತ ಗೊತ್ತಿಲ್ದೇ ಇರೋರು!’

ಅವರು ಹೋದ ಮೇಲೆ ಹೆಂಡತಿ ನನಗೆ ಪರೀಕ್ಷೆಯ ಕ್ರಮ ಹೇಳಿಕೊಟ್ಟಳು. ‘ನೀವು ಹಾಡು ಕೇಳ್ಬೇಡಿ. ಅಣ್ಣನ ತಲೆ ನೋಡಿ. ಎಲ್ಲರಿಗಿಂತ ಮೊದ್ಲು ಆಡಿದ್ರೆ ಕೇಳಿಸ್ತಿದೆ ಅಂತ. ಬೇರೆಯವರ ತಲೆ ಆಡಿದ ಮೇಲೆ ಆಡಿದ್ರೆ ಕೇಳಿಸ್ತಿಲ್ಲ ಅಂತ. ಅಷ್ಟೂ ಆಗಲ್ವಾ ನಿಮ್ಗೆ?’ ಆಮೇಲೆ, ‘ಸುಳ್ಳು ಹೇಳ್ಬೇಡಿ ಮತ್ತೆ. ಸ್ಕೂಟರ್ ಆದ್ರೆ ಪಂಚೆ ಹೋಯ್ತು. ನಾಳೆ ಲಾರಿ ಬಂದ್ರೆ?’ ಅಂದಳು.

ನನ್ನ ಪಾಡು ಯೋಚಿಸಿ. ಸಾಮಾನ್ಯವಾಗಿ ನಾನು ಒಂದು ಕಡೆಗೆ ಮಾತ್ರ ಚಿಂತೆ ಮಾಡುವವನು. ಇಲ್ಲಿ ಭಾವ ಪಾಸಾದರೆ ಲಾರಿಯ ಚಿಂತೆ, ಫೇಲಾದರೆ ಭಾವನ ಚಿಂತೆ!

ಭಾನುವಾರ ಆರೂವರೆಗೇ ಹೊರಟೆವು. ಎರಡು ಗಂಟೆಯ ದಾರಿಗೆ ನಾನು ಮೂರೂವರೆ ಗಂಟೆ ಇಟ್ಟುಕೊಂಡಿದ್ದೆ. ಹೊಸ ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಭಾವ ದಾರಿಯುದ್ದಕ್ಕೂ ಸ್ಟೇರಿಂಗಿನ ಮೇಲಿನ ನನ್ನ ಬೆರಳುಗಳನ್ನು ನೋಡುತ್ತಿದ್ದರು.

‘ಎಂತಕ್ಕೆ ಹಾಗೆ ಬಡೀತಿದೀರಿ ಭಾವ? ತಾಳ ಇಲ್ಲ, ಎಂತ ಇಲ್ಲ.’

‘ಗಾಬರಿ ಭಾವ.’

‘ಪರೀಕ್ಷೆ ನನಗೋ ನಿಮಗೋ?’

ಬೆರಳು ಬಡಿಯುವುದನ್ನು ನಿಲ್ಲಿಸಿದೆ. ಗಾಡಿಯ ಮುಂಭಾಗದಿಂದ ಏನೋ ಕಿರ್ ಕಿರ್ ಸದ್ದು ಬರುತ್ತಿರುವ ಹಾಗಿತ್ತು. ಕೇಳಿಸಿತೇ ಎಂದು ಭಾವನನ್ನು ಕೇಳಹೊರಟು ನಾಲಿಗೆ ಕಚ್ಚಿಕೊಂಡೆ.

ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಭಾವ ಗಾಯಕಿಯ ದನಿ ವರ್ಣಿಸತೊಡಗಿದರು. ‘ಹಳೇ ಕ್ಯಾಸೆಟ್ಟಿನಲ್ಲಿ ಕೇಳಿದೀನಿ. ಹೆಂಗಸರಿಗೆ ಅಂಥ ದನಿ ಅಪರೂಪ. ಮಂದ್ರಕ್ಕೆ ಇಳಿದ್ಲು ಅಂದ್ರೆ ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಇಳೀತಾ ಇಳೀತಾ ಕೊನೆಗೆ ನೀರು ಮುಟ್ಟಿದ್ದು ಗೊತ್ತಾಗ್ತದೆ.’

ನನ್ನ ಲೋಟ ಅರ್ಧಕ್ಕೇ ನಿಂತಿತು. ಕೆಳಗಿನ ದನಿ ಚೆನ್ನಾಗಿ ಕೇಳ್ತದೆ ಎಂದಿದ್ದರಲ್ಲ ಡಾಕ್ಟರು! ಸುಮ್ಮನೆ ಒಪ್ಪಿದವರಲ್ಲ ಇವರು. ಪ್ರಶ್ನೆಪತ್ರಿಕೆಯನ್ನು ತಾವೇ ಆರಿಸಿಕೊಂಡು ಪರೀಕ್ಷೆಗೆ ಹೊರಟಿದ್ದಾರೆ.

‘ಭಾವ, ಇದು ಮೋಸ’ ಅಂದೆ.

ಅವರು ಸಿಟ್ಟಾಗಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ರಸ್ತೆ ನೋಡಿದರು. ‘ಒಂದು ಹೇಳಿ. ಮಿಷನ್ ಹಾಕ್ಕೊಂಡ ಮೇಲೂ ಮೊದಲಿನ ಹಾಗೆ ಕೇಳಿಸ್ದೇ ಇದ್ರೆ? ಈಗಾದ್ರೆ ತಪ್ಪು ಗಾಯಕರದ್ದು ಅಂತ ಇದೆ. ಆಮೇಲೆ ಯಾರದ್ದು ಅಂತ ಹೇಳ್ಲಿ?’

ಹದಿನೇಳು ಚಿಂತೆಗಳನ್ನು ಬರೆದುಕೊಂಡಿದ್ದ ನನಗೆ ಇದು ಹೊಳೆದಿರಲಿಲ್ಲ. ಚಹಾದ ದುಡ್ಡು ಕೊಟ್ಟು ಹೊರಟೆವು.

ಮರ ಬಿದ್ದಿರಲಿಲ್ಲ. ಕೋಣ ನಿಂತಿರಲಿಲ್ಲ. ತೀರ್ಥಹಳ್ಳಿಯ ಸಭಾಂಗಣದ ಬಾಗಿಲಲ್ಲಿ ಒಂಬತ್ತಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ನಾವಿಬ್ಬರೂ ನಿಂತಿದ್ದೆವು. ಜಮಖಾನ ಹಾಸುವವರು ಇನ್ನೂ ಬಂದಿರಲಿಲ್ಲ. ಆಮೇಲೆ ಬಂದವರು ನಾವು ಆ ಕೆಲಸಕ್ಕೇ ಬಂದವರೆಂದು ತಿಳಿದು ಒಂದು ಅಂಚು ನನ್ನ ಕೈಗೆ ಕೊಟ್ಟರು. ಹಾಸಿದೆ. ಭಾವ ಕುರ್ಚಿಯನ್ನು ಬಿಟ್ಟು ಮೊದಲ ಸಾಲಿನಲ್ಲಿ ನೆಲದ ಮೇಲೆ, ವೇದಿಕೆಗೆ ತಾಗಿ ಕೂತರು. ವೇದಿಕೆ ಮರದ ಹಲಗೆಗಳದ್ದು. ಅದರ ಅಂಚಿನ ಮೇಲೆ ಅಂಗೈ ಊರಿಕೊಂಡರು. ಭಕ್ತಿಯಿಂದ ಇರಬೇಕು ಎಂದುಕೊಂಡೆ. ಆಮೇಲೆ ಗೊತ್ತಾಯಿತು: ಕಿವಿಗೆ ಸಾಲದ್ದನ್ನು ಕೈಯಿಂದ ಕೇಳುವ ಉಪಾಯ!

ಗಾಯಕಿ ಬಂದರು. ಐವತ್ತರ ಆಸುಪಾಸಿನ ಸಣ್ಣ ಆಳು. ಅವರ ಹಿಂದೆ ತಂಬೂರಿ ಹಿಡಿದ ಶಿಷ್ಯೆ. ಕೂತವರು ಮೈಕಿನವರಿಗೆ, ‘ದನಿ ಸ್ವಲ್ಪ ಕಡಿಮೆ ಮಾಡ್ರಿ’ ಅಂದರು. ಯಾರೋ ಗಂಡಸು ಮಾತಾಡಿದರೆಂದು ನಾನು ಹಿಂತಿರುಗಿ ನೋಡಿದೆ!

ತೋಡಿ ರಾಗ ಎಂದು ಪಕ್ಕದ ಶಾಲು ಹೊದ್ದವರು ಹೇಳಿದರು. ನನಗೆ ರಾಗ ಯಾವುದಾದರೇನು? ನಾನು ತಲೆ ನೋಡಲು ಬಂದವನು. ವೇದಿಕೆಗೆ ಅರೆಬೆನ್ನು ಹಾಕಿ ಭಾವನ ಕಡೆಗೇ ತಿರುಗಿ ಕೂತೆ. ಶಾಲಿನವರಿಗೆ ಇದು ವಿಚಿತ್ರ ಕಂಡಿರಬೇಕು. ಸ್ವಲ್ಪ ದೂರ ಸರಿದರು.

ಗಾಯಕಿ ಕೆಳಗಿನಿಂದ ಶುರುಮಾಡಿದರು. ಎಷ್ಟು ಕೆಳಗಿನಿಂದ ಎಂದರೆ ಮೊದಲ ನಿಮಿಷ ನನಗದು ಕೇಳಿಸಿದ್ದು ಕುಂಡೆಯ ಕೆಳಗಿನ ನೆಲದಿಂದ. ಭಾವನ ಕಣ್ಣು ಮುಚ್ಚಿತು. ತಲೆ ಒಂದಿಷ್ಟು ವಾಲಿತು. ‘ಆಹಾ’ ಅಂದರು. ಅರ್ಧ ಕ್ಷಣ ಬಿಟ್ಟು ಸಭೆ ಆಹಾ ಅಂದಿತು. ಮತ್ತೊಮ್ಮೆ. ಮಗದೊಮ್ಮೆ. ಎಂಟಕ್ಕೆ ಎಂಟು! ಗಾಯಕರಿಗೆ ಸಭೆಯಲ್ಲಿ ಒಂದು ತಲೆ ಬೇಕಂತೆ, ಯಾರಿಗೆ ಹಾಡುತ್ತಿದ್ದೇನೆ ಎಂದು ತಿಳಿಯಲು. ಆಕೆ ಆ ತಲೆಯನ್ನು ಕಂಡುಕೊಂಡರು. ಒಂದು ಸುತ್ತು ಮುಗಿಸಿ ಭಾವನ ಕಡೆ ನೋಡಿ ನಸುನಕ್ಕರು. ಭಾವ ಅಂಗೈಯನ್ನು ಹಲಗೆಯಿಂದ ಎತ್ತಿ ಎದೆಗೆ ಇಟ್ಟುಕೊಂಡರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ಪಾಸು! ಹೆಂಡತಿಗೆ ಏನು ಹೇಳುವುದು ಎಂಬ ಚಿಂತೆ ಆಗಲೇ ಶುರುವಾಯಿತು.

ಆದರೆ ಯಾವ ರಾಗವೂ ಕೆಳಗೇ ಕೂರುವುದಿಲ್ಲವಲ್ಲ. ಆಕೆ ಮೆಟ್ಟಿಲು ಹತ್ತತೊಡಗಿದರು. ಆ ದಪ್ಪ ದನಿ ಒಂದೊಂದೇ ಮೆಟ್ಟಿಲಿಗೆ ತೆಳುವಾಗುತ್ತ, ಮೆತ್ತಗಾಗುತ್ತ ಮೇಲೆ ಹೋಯಿತು. ಶಾಲಿನವರ ತಲೆ ಆಡಿತು. ಹಿಂದೆ ಯಾರೋ ಆಹಾ ಅಂದರು. ಭಾವನ ತಲೆ ನೆಟ್ಟಗೆ ನಿಂತಿತ್ತು. ಆಮೇಲೆ ಆಡಿತು, ತಡವಾಗಿ. ಕಣ್ಣು ತೆರೆದುಕೊಂಡಿತ್ತು. ಅದು ಮೊದಲು ತಬಲಾದ ಮೇಲಿನ ಕೈ ನೋಡಿತು, ಆಮೇಲೆ ಗಾಯಕಿಯ ತುಟಿ, ಆಮೇಲೆ ಶಾಲಿನವರ ಕುತ್ತಿಗೆ. ನನ್ನ ಭಾವ, ಜೆರಾಕ್ಸ್ ತಲೆಗಳ ಪರಮ ಶತ್ರು, ಪಕ್ಕದವರನ್ನು ನೋಡಿ ತಲೆಯಾಡಿಸುತ್ತಿದ್ದರು! ನನಗೆ ಅದನ್ನು ನೋಡಲಾಗಲಿಲ್ಲ. ಬೇರೆ ಕಡೆ ತಿರುಗೋಣವೆಂದರೆ ನಾನು ಕೂತದ್ದೇ ಅವರ ಕಡೆಗೆ.

ಆಗ ಶಾಲಿನವರು ಶಾಲು ಸರಿಮಾಡಿಕೊಳ್ಳಲು ಬಗ್ಗಿದರು. ಭಾವನಿಗೆ ನೋಡಲು ಯಾರೂ ಉಳಿಯಲಿಲ್ಲ. ಅವರು ನನ್ನನ್ನು ನೋಡಿದರು.

ನನ್ನನ್ನು! ಷಡ್ಜಕ್ಕೂ ಕುಕ್ಕರಿಗೂ ವ್ಯತ್ಯಾಸ ಗೊತ್ತಿಲ್ಲದವನನ್ನು! ಪರೀಕ್ಷೆಗೆ ಕೂತವರು ಪರೀಕ್ಷಕನನ್ನೇ ನೋಡಿ ಬರೆಯಲು ಬಗ್ಗಿದರೆ ಪರೀಕ್ಷಕನಾದವನು ಏನು ಮಾಡಬೇಕು? ನಾನು ಮೊದಲ ಸಲ ಹಾಡಿಗೆ ಕಿವಿಗೊಟ್ಟೆ. ದನಿ ಏರುತ್ತಿತ್ತು, ಏರುತ್ತಿತ್ತು, ಸಭೆ ಉಸಿರು ಹಿಡಿದಿತ್ತು. ಈಗ ಬರಬಹುದೇ? ಈಗ? ತಟ್ಟನೆ ಎಲ್ಲ ನಿಶ್ಶಬ್ದವಾಯಿತು. ಇದೇ ಇರಬೇಕು ಎಂದು ನಾನು ನನ್ನ ಜೀವಮಾನದ ಮೊತ್ತಮೊದಲ ‘ಆಹಾ!’ ಕೂಗಿದೆ. ನನ್ನನ್ನು ನಂಬಿ ಭಾವ ಅದರ ಎರಡರಷ್ಟು ಜೋರಾಗಿ ‘ಭಲೇ!’ ಅಂದರು.

ಇಡೀ ಸಭೆ ನಮ್ಮತ್ತ ತಿರುಗಿತು. ಗಾಯಕಿ ಶಿಷ್ಯೆಯ ಕಡೆ ತಿರುಗಿ ತಂಬೂರಿಯ ಬಿರಡೆ ತೋರಿಸುತ್ತಿದ್ದರು.

‘ಇನ್ನೂ ಮ್ಯಾಲಿನ ಸಾ ಮುಟ್ಟಿಲ್ರೀ’ ಅಂದರು ನಗುತ್ತ, ಆ ಬಾವಿಯ ದನಿಯಲ್ಲಿ. ‘ತಂತಿ ಇಳದದ. ಸ್ವಲ್ಪ ತಾಳ್ರಿ, ಬರ್ತೀನಿ.’

ಸಭೆ ನಕ್ಕಿತು. ಮಾತಾಡುವ ಆ ದನಿ ತಗ್ಗಿನದು, ಭಾವನಿಗೆ ಒಂದಕ್ಷರ ಬಿಡದೆ ಕೇಳಿಸಿತು. ಈಗ ಏಳುತ್ತಾರೆ, ಬಸ್ ಸ್ಟ್ಯಾಂಡಿಗೆ ನಡೆಯುತ್ತಾರೆ ಎಂದು ನಾನು ಅವರ ಅಂಗಿಯ ತುದಿ ಹಿಡಿದುಕೊಂಡೆ. ಅವರು ಏಳಲಿಲ್ಲ. ತಮ್ಮ ಅಂಗೈಯನ್ನು ನಮ್ಮಿಬ್ಬರ ನಡುವೆ ಜಮಖಾನದ ಮೇಲೆ ಇಟ್ಟರು. ಆಮೇಲೆ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು. ಪಿಸುಗುಟ್ಟಿದೆ ಎಂದು ಅವರು ತಿಳಿದರು. ಮೂರು ಸಾಲಿಗೆ ಕೇಳಿಸಿತು.

‘ಭಾವ, ಅವ್ಳು ಮುಟ್ಟಿದಾಗ ನನ್ನ ಕೈ ಒತ್ತಿ.’

ನಗು ನಿಂತಿತು. ಗಾಯಕಿ ಒಮ್ಮೆ ಭಾವನನ್ನು ನೋಡಿದರು, ಶಿಷ್ಯೆಗೆ ತಲೆಯಾಡಿಸಿದರು, ಕಣ್ಣು ಮುಚ್ಚಿದರು.

ಮತ್ತೆ ಮೆಟ್ಟಿಲು. ನಾನು ಭಾವನ ಅಂಗೈ ಪಕ್ಕದಲ್ಲೇ ನನ್ನ ಕೈ ಇಟ್ಟುಕೊಂಡು ಸಿದ್ಧನಾಗಿದ್ದೆ. ಆಕೆ ಅವಸರ ಮಾಡಲಿಲ್ಲ. ಮೇಲಿನ ಸಾ ಎಂಬುದು ಎದುರಿಗೇ ಇದೆ ಎಂದು ನನ್ನಂಥವನಿಗೂ ಗೊತ್ತಾಗುವಷ್ಟು ಹತ್ತಿರ ಹೋಗಿ, ಅದರ ಹೊಸ್ತಿಲಲ್ಲಿ ನಿಂತುಬಿಟ್ಟರು. ಒಳಗೆ ಹೋಗಲಿಲ್ಲ. ಹಿಂದಕ್ಕೂ ಬರಲಿಲ್ಲ. ಎಷ್ಟು ಹೊತ್ತು ನಿಂತರೋ! ಆಮೇಲೆ ಯಾವ ಸದ್ದೂ ಮಾಡದೆ, ಕಾಲು ಎತ್ತಿದ್ದೂ ಗೊತ್ತಾಗದಂತೆ, ಒಳಗಿದ್ದರು. ಅಷ್ಟು ಭಾರದ ದನಿ ಅಷ್ಟು ಹಗುರಾಗಿ ನಿಲ್ಲಬಹುದೆಂದು ನನಗೆ ಗೊತ್ತಿರಲಿಲ್ಲ. ಯಾರೂ ಆಹಾ ಅನ್ನಲಿಲ್ಲ. ಸ್ಟೆಪ್ನಿ, ಲಾರಿ, ಹೆಂಡತಿಯ ಪರೀಕ್ಷೆ ಯಾವುದೂ ಇರಲಿಲ್ಲ. ನಾನು ಇದ್ದೆನೋ ಇಲ್ಲವೋ ಅದೂ ಗೊತ್ತಿಲ್ಲ.

ಎಚ್ಚರವಾದಾಗ ಆಕೆ ಮತ್ತೆ ಕೆಳಗೆ ಬಂದಾಗಿತ್ತು. ಭಾವನ ತಲೆ ಎಲ್ಲರಿಗಿಂತ ಮುಂದಾಗಿ ಆಡುತ್ತಿತ್ತು. ನನ್ನ ಎರಡೂ ಕೈಗಳು ನನ್ನ ಮಡಿಲಲ್ಲಿದ್ದವು.

ಆ ಅಕಾಲದ ಆಹಾವನ್ನು ನಾನು ಎಡವಟ್ಟಿನ ಪಟ್ಟಿಗೆ ಸೇರಿಸುವುದಿಲ್ಲ. ಅದು ಅವಮಾನ, ಅಂಥದ್ದು ನನಗೆ ದಿನವೂ ಇದ್ದದ್ದೇ. ಅವತ್ತು ನಿಜವಾಗಿ ಕೆಟ್ಟದ್ದು ಒಂದೇ ಒಂದು, ಅದೂ ಸಣ್ಣದು. ಒತ್ತಬೇಕಾದ ಹೊತ್ತಿಗೆ ನಾನು ಕೈ ಒತ್ತಲಿಲ್ಲ.

ಕಛೇರಿ ಮುಗಿದು ಜನ ಏಳುತ್ತಿದ್ದರು. ಭಾವ ಕೂತೇ ಇದ್ದರು.

‘ಮುಟ್ಟಿದ್ಲಾ?’

‘ಮುಟ್ಟಿದ್ರು ಭಾವ.’

‘ಮತ್ತೆ ನೀವು ಹೇಳ್ಲೇ ಇಲ್ಲ?’

‘ಮರ್ತೇ ಹೋಯ್ತು’ ಅಂದೆ. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಭಾವ ನನ್ನ ಕಡೆ ತಿರುಗಿದರು. ಕಿಸೆಯಿಂದ ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟರು. ನನ್ನ ಕೆನ್ನೆ ಒದ್ದೆಯಾಗಿದೆ ಎಂದು ಆಗಲೇ ನನಗೆ ಗೊತ್ತಾದದ್ದು.

‘ನೀವು ಚಿಂತೆ ಮರೆಯೋ ಅಷ್ಟು ಚೆನ್ನಾಗಿ ಹಾಡಿದ್ಲಾ?’ ಎಂದರು. ನನ್ನ ಭುಜ ಹಿಡಿದುಕೊಂಡು ನಿಧಾನವಾಗಿ ಎದ್ದು ನಿಂತರು. ‘ಹಾಗಾದ್ರೆ ನಾನೂ ಕೇಳ್ಬೇಕು ಮಾರಾಯ್ರೆ. ನಾಳೆ ಶಿವಮೊಗ್ಗಕ್ಕೆ ಎಷ್ಟು ಗಂಟೆಗೆ ಹೊರಡಾಣ?’